ಗಾಜಿನ ಮೇಲೆ ಹತ್ತು ಇಂಚು

ಮೊನ್ನೆ ನಮ್ಮ ಮನೆಯವರು ಬೇಳೆಯ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ಅಲಮಾರಿ ಒರೆಸುತ್ತಿದ್ದರು. ನಿವೃತ್ತಿಯಾದ ಮೇಲೆ ಅವರಿಗೆ ಇದೊಂದು ಚಟ ಹತ್ತಿದೆ. ಶಾಲೆಯಲ್ಲಿ ಮೂರು ದಶಕ ಗುಮಾಸ್ತರಾಗಿದ್ದು ಕಡತಗಳ ಮೇಲಿನ ಧೂಳನ್ನು ಒಂದು ದಿನವೂ ಮುಟ್ಟದವರು ಈಗ ನನ್ನ ಡಬ್ಬಿಗಳ ಮೇಲೆ ಆ ಬಾಕಿ ತೀರಿಸುತ್ತಿದ್ದಾರೆ. ಡಬ್ಬಿಯ ಕೆಳಗೆ ಹಾಸಲು ಎಲ್ಲಿಂದಲೋ ಒಂದು ಕಾಗದ ಹುಡುಕಿ ತಂದರು. ನಾನು ಹೊಲಿಗೆ ಮಷಿನ್ನಿನ ಮುಂದೆ ಕುಳಿತಲ್ಲಿಂದಲೇ ಕೂಗಿದೆ.

“ಅದನ್ನ ಹಾಸಬ್ಯಾಡ್ರಿ! ಇಲ್ಲಿ ಕೊಡ್ರಿ.”

“ಯಾಕ, ಇದು ಆ ಸಣ್ಣದಲ್ಲೇನು? ಯಾರಿಗೂ ಬರಲಾರದ್ದು?” ಎಂದು ಅವರು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಸೂಜಿಯಿಂದ ಚುಚ್ಚಿದ ನೂರಾರು ತೂತುಗಳೊಳಗಿಂದ ಬಿಸಿಲು ಬಂದು ಮಾವಿನಕಾಯಿಗಳ ಸಾಲೊಂದು ಮಿನುಗಿತು. ನಗು ಬಂತು, ಜೊತೆಗೆ ಸ್ವಲ್ಪ ನಾಚಿಕೆಯೂ ಬಂತು. ಈ ಕಾಗದದ ಕಥೆ ನಿಮಗೆ ಹೇಳದಿದ್ದರೆ ನನ್ನ ನಾಚಿಕೆಯಲ್ಲಿ ಪಾಲುದಾರರು ಯಾರೂ ಇಲ್ಲದಂತಾಗುತ್ತದೆ.

ನಾನು ಹುಮನಾಬಾದಿನಲ್ಲಿ ಬ್ಲೌಸ್ ಹೊಲಿಯುವವಳು. ಬರಿಯ ಹೊಲಿಗೆಯಲ್ಲ, ಮಣಿ, ಜರಿ, ಕುಂದನ್ ಹಾಕಿ ಕಸೂತಿ ಮಾಡುವುದು. ಈ ಕೆಲಸದಲ್ಲಿ ಮೊದಲು ತೆಳುವಾದ ಟ್ರೇಸಿಂಗ್ ಕಾಗದದ ಮೇಲೆ ಹೂವೋ ಬಳ್ಳಿಯೋ ಬರೆಯಬೇಕು. ಆ ಗೆರೆಯುದ್ದಕ್ಕೂ ಸೂಜಿಯಿಂದ ಒತ್ತೊತ್ತಾಗಿ ಚುಚ್ಚಬೇಕು. ಆಮೇಲೆ ಅದನ್ನು ಬಟ್ಟೆಯ ಮೇಲೆ ಹಾಸಿ, ಎಣ್ಣೆಯಲ್ಲಿ ಕಲಸಿದ ಬಿಳಿ ಪುಡಿಯನ್ನು ಚಿಂದಿಯಿಂದ ತಿಕ್ಕಿದರೆ ತೂತುಗಳ ಮೂಲಕ ಪುಡಿ ಇಳಿದು ಬಟ್ಟೆಯ ಮೇಲೆ ಚುಕ್ಕೆಚುಕ್ಕೆಯಾಗಿ ಬಳ್ಳಿ ಮೂಡುತ್ತದೆ. ಈ ಚುಚ್ಚಿದ ಕಾಗದಕ್ಕೆ ನಾವು ಖಾಕಾ ಅನ್ನುತ್ತೇವೆ. ಖಾಕಾ ಚೆನ್ನಾಗಿದ್ದರೆ ಅರ್ಧ ಕೆಲಸ ಮುಗಿದಂತೆ. ಖಾಕಾವೇ ಇಲ್ಲದಿದ್ದರೆ ನನ್ನಂಥವಳು ಸೂಜಿ ಹಿಡಿದು ಬಟ್ಟೆಯ ಮುಖ ನೋಡುತ್ತ ಕೂರಬೇಕು.

ಏಕೆಂದರೆ ನನಗೆ ಗೆರೆ ಎಳೆಯಲು ಬರುವುದಿಲ್ಲ. ಇದನ್ನು ವಿನಯಕ್ಕೆ ಹೇಳುತ್ತಿಲ್ಲ. ತವರೂರು ರಾಜೇಶ್ವರದ ಶಾಲೆಯಲ್ಲಿ ನಾನು ಆರನೆಯ ಇಯತ್ತೆಯಲ್ಲಿದ್ದಾಗ ಚಿತ್ರದ ಪರೀಕ್ಷೆಗೆ ನವಿಲು ಬರೆಯಲು ಹೇಳಿದ್ದರು. ನಾಲಿಗೆ ಕಚ್ಚಿಕೊಂಡು ಒಂದು ತಾಸು ಬರೆದೆ. ಮಾಸ್ತರರು ಕೆಂಪು ಶಾಯಿಯಲ್ಲಿ ‘ಕೋಳಿ ಚೆನ್ನಾಗಿದೆ, ನವಿಲು ಎಲ್ಲಿ?’ ಎಂದು ಬರೆದು ಕೊಟ್ಟರು. ಅಂದಿನಿಂದ ನನ್ನ ಚಿತ್ರಗಳನ್ನೆಲ್ಲ ಪಕ್ಕದ ಹುಡುಗಿಯೇ ಬರೆದುಕೊಟ್ಟಳು. ಅವಳಿಗೆ ನಾನು ಅವ್ವ ಕುಟ್ಟಿಟ್ಟ ಹುಣಸೆಹಣ್ಣಿನ ಉಂಡೆ ಕದ್ದು ಒಯ್ದು ಕೊಡುತ್ತಿದ್ದೆ. ಮದುವೆಯಾಗಿ ಬಂದ ಮೇಲೆ ನನ್ನ ರಂಗೋಲಿಯನ್ನು ಎಂಟು ದಿನ ನೋಡಿದ ಅತ್ತೆಯವರು ಒಂಬತ್ತನೆಯ ದಿನ ಸಂತೆಯಿಂದ ತೂತಿನ ತಗಡಿನ ಅಚ್ಚು ತಂದುಕೊಟ್ಟರು. ಬಾಯಿಬಿಟ್ಟು ಒಂದು ಮಾತೂ ಅನ್ನಲಿಲ್ಲ. ಅತ್ತೆಯಾಗಿ ಅವರು ತೋರಿಸಿದ ದೊಡ್ಡತನಗಳಲ್ಲಿ ಅದೂ ಒಂದು.

ಗೆರೆ ಬಾರದವಳು ಕಸೂತಿ ಮಾಡಿ ಹೇಗೆ ಬದುಕಿದಳು ಅನ್ನುತ್ತೀರಾ? ಬಸವಕಲ್ಯಾಣದಲ್ಲಿ ಕಿಲ್ಲೆಯ ಹತ್ತಿರದ ಓಣಿಯಲ್ಲಿ ನಾವೆಲ್ಲ ಚಿಕ್ಕಮ್ಮ ಎಂಬ ಅರ್ಥದಲ್ಲಿ ಖಾಲಾ ಅನ್ನುವ ಮೆಹರುನ್ನಿಸಾ ಇದ್ದಾರಲ್ಲ, ಅವರ ದಯೆ. ಹದಿನೆಂಟನೆಯ ವಯಸ್ಸಿನಲ್ಲಿ ನಾನು ಕೈಯಲ್ಲಿ ಬುತ್ತಿ ಹಿಡಿದು ರಾಜೇಶ್ವರದಿಂದ ಬಸ್ಸಿನಲ್ಲಿ ದಿನಾ ಅವರ ಮನೆಗೆ ಹೋಗಿ ಸೂಜಿ ಹಿಡಿಯಲು ಕಲಿತೆ. ಈಗ ನನಗೆ ನಲವತ್ತೆಂಟು. ಈ ಮೂವತ್ತು ವರ್ಷ ನಾನು ಮಣಿ ಹೊಲಿದದ್ದೆಲ್ಲ ಖಾಲಾ ಎಳೆದ ಗೆರೆಗಳ ಮೇಲೆ. ನಾನೊಬ್ಬಳೇ ಅಲ್ಲ, ಬಸವಕಲ್ಯಾಣ, ಹುಮನಾಬಾದು ಎರಡೂ ಊರಿನ ಕಸೂತಿಯವರೆಲ್ಲ ಅವರ ಬಾಗಿಲಿಗೇ ಹೋಗುತ್ತಿದ್ದರು. ಅವರು ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. “ಉಡಾಕಿ ಕುತ್ತಿಗಿ ಉದ್ದ ಅದನೋ, ಮೋಟ ಅದನೋ?” ಉತ್ತರ ಕೇಳಿ ಒಂದು ಕ್ಷಣ ಕಣ್ಣು ಮುಚ್ಚಿ, ಪೆನ್ಸಿಲ್ ಇಟ್ಟರೆಂದರೆ ಎತ್ತುತ್ತಿರಲಿಲ್ಲ. ಅವರ ಮನೆಯಲ್ಲಿ ರಬ್ಬರನ್ನು ನಾನು ಕಂಡೇ ಇಲ್ಲ.

ಎರಡು ವರ್ಷಗಳ ಹಿಂದೆ ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಬಂತು. ಆಪರೇಷನ್ ಆಯಿತು, ಔಷಧ ಆಯಿತು. ಮನುಷ್ಯರ ಆಕಾರ ಕಾಣುತ್ತದೆ, ಗೆರೆ ಕಾಣುವುದಿಲ್ಲ. ಒಂದು ದಿನ ನಾನು ಹೋದಾಗ ಪೆನ್ಸಿಲ್ಲನ್ನು ನನ್ನ ಕೈಗೇ ಕೊಟ್ಟುಬಿಟ್ಟರು.

“ಇನ್ನ ನನ್ನಿಂದ ಆಗಂಗಿಲ್ಲ ಸರೂ. ನೀವೆಲ್ಲಾ ನಿಮ್ಮ ನಿಮ್ಮ ಗೆರಿ ಹಾಕ್ಕೊಳ್ರಿ.”

ಬೇರೆಯವರು ಬೇರೆ ದಾರಿ ನೋಡಿಕೊಂಡರು. ಮಷಿನ್ ಕಸೂತಿಯ ಸಿದ್ಧ ಕೊರಳುಗಳು ಹೈದರಾಬಾದಿನಿಂದ ಗಂಟುಗಟ್ಟಿ ಬರುತ್ತವೆ, ಹಚ್ಚಿ ಹೊಲಿದರೆ ಆಯಿತು. ನಾನು ಹಳೆಯ ಖಾಕಾಗಳನ್ನೇ ತಿರುಗಿಸಿ ಮುರುಗಿಸಿ ಒಂದು ವರ್ಷ ನಡೆಸಿದೆ. ಗಿರಾಕಿಗಳು ಮುಖ ನೋಡಿ ನಗತೊಡಗಿದರು. “ಸರೋಜಕ್ಕ, ಇದು ನಮ್ಮ ನಾದಿನಿ ಲಗ್ನದಾಗ ಹಾಕಿದ್ದೇ ಅಲ್ಲಾ?” ಅನ್ನುವುದು, ಸೀರೆ ಎತ್ತಿಕೊಂಡು ಹೊರಡುವುದು. ಕೆಲಸ ಕೈಬಿಟ್ಟೀತು ಎಂಬ ಹೆದರಿಕೆ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ ಒಂದು ಆಸೆ ಕಾಡುತ್ತಿತ್ತು. ಖಾಲಾ ಇರುವಾಗಲೇ ಅವರ ಮುಂದೆ ಇದು ನನ್ನದು ಎಂದು ಒಂದೇ ಒಂದು ಖಾಕಾ ಇಡಬೇಕು, ಅವರು ಹೂಂ ಅನ್ನಬೇಕು. ಕೋಳಿಯನ್ನು ನವಿಲು ಮಾಡಲಾಗದವಳಿಗೆ ಇಂಥ ಆಸೆ ಯಾಕೆ ಬರಬೇಕು ಹೇಳಿ!

ಆಗ ನಮ್ಮ ಮನೆಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಇತ್ತು. ನಿವೃತ್ತಿಯ ಹೊಸತರಲ್ಲಿ ಮನೆಯವರು ವಚನ ಕೇಳಲು ಅಂತ ಕೊಂಡು, ಅದರಲ್ಲಿ ಇಸ್ಪೀಟು ಆಡುತ್ತಿದ್ದರು. ನನ್ನ ತಂಗಿಯ ಮಗಳು ಪಲ್ಲವಿ ಬಸವಕಲ್ಯಾಣದಲ್ಲಿ ಡಿಗ್ರಿ ಓದುತ್ತಾಳೆ. ರಜೆಗೆ ಬಂದವಳು ನನ್ನ ಗೋಳು ಕೇಳಿ ಅಂದಳು.

“ದೊಡ್ಡವ್ವ, ಕಂಪ್ಯೂಟರ್‌ನಾಗ ಡಿಸೈನ್ ಮಾಡೋದು ಬಾಳ ಸರಳ ಅದ. ಕೈ ನಡುಗಿದ್ರೂ ಗೆರಿ ನಡುಗಂಗಿಲ್ಲ.”

ಕೈ ನಡುಗಿದರೂ ಗೆರೆ ನಡುಗುವುದಿಲ್ಲ! ಈ ಒಂದು ಮಾತಿಗೆ ನಾನು ಬಲಿಬಿದ್ದೆ.

ಆದರೆ ಯಾವ ಸಾಫ್ಟ್‌ವೇರು? ಅಲ್ಲಿ ಶುರುವಾಯಿತು ನೋಡಿ. ಸೀರೆ ಅಂಗಡಿಯಲ್ಲಿ ಕೂತ ಹಾಗೆ ಆಯಿತು. ಪಲ್ಲವಿ ಒಂದೊಂದೇ ಬಿಡಿಸಿ ತೋರಿಸುವುದು, ನಾನು ಮೂಗು ಮುರಿಯುವುದು. ದೊಡ್ಡ ಊರಿನವರು ಬಳಸುವುದು ಒಂದಿತ್ತು, ನೋಡಲು ಅರಮನೆ. ಆದರೆ ಪ್ರತಿ ತಿಂಗಳೂ ಬಾಡಿಗೆ ಕಟ್ಟಬೇಕಂತೆ. ನನ್ನದೇ ಚಿತ್ರ ನೋಡಲು ನಾನೇ ಬಾಡಿಗೆ ಕೊಡಬೇಕೇ ಎಂದು ಕೇಳಿದೆ. ಇನ್ನೊಂದು ಮೊಬೈಲಿನಲ್ಲೇ ನಡೆಯುವಂಥದ್ದು, ಅದರಲ್ಲಿ ಎಲ್ಲ ಸಿದ್ಧ. ಹೂ ಸಿದ್ಧ, ಬಳ್ಳಿ ಸಿದ್ಧ, ಮುಟ್ಟಿದರೆ ಸಾಕು ಕಾಗದದ ಮೇಲೆ ಬಂದು ಕೂರುತ್ತವೆ. ಎರಡು ದಿನ ಅದರ ಮೇಲೆ ಮರುಳಾದೆ. ಮೂರನೆಯ ದಿನ ನಾನು ಮಾಡಿದ್ದ ಬಳ್ಳಿಯನ್ನೇ ಯಾರದೋ ಹುಟ್ಟುಹಬ್ಬದ ಬ್ಯಾನರಿನ ಅಂಚಿನಲ್ಲಿ ಕಂಡೆ. ಸಾಕಾಯಿತು. ಮತ್ತೊಂದು ಫೋಟೋ ಅಂಗಡಿಯವರದು. ಅದರಲ್ಲಿ ಎಳೆದ ಗೆರೆಯನ್ನು ದೊಡ್ಡದು ಮಾಡಿದರೆ ರವೆಯ ಹಾಗೆ ಕಾಳುಕಾಳಾಗಿ ಒಡೆಯುತ್ತಿತ್ತು. ಕೊನೆಗೆ ಉಳಿದದ್ದು ಪುಕ್ಕಟೆಯದು. ಬರಿಯ ಗೆರೆಗಾಗಿಯೇ ಮಾಡಿದ್ದಂತೆ, ಎಷ್ಟು ಹಿಗ್ಗಿಸಿದರೂ ಗೆರೆ ಗೆರೆಯಾಗಿಯೇ ಇರುತ್ತಿತ್ತು. ಪಲ್ಲವಿ ಮೊಟ್ಟಮೊದಲು ತೋರಿಸಿದ್ದೂ ಅದೇ. ಇಪ್ಪತ್ತು ಸೀರೆ ಬಿಡಿಸಿ ಮೊದಲನೆಯದನ್ನೇ ಕಟ್ಟಿಸುವ ನಮ್ಮ ಜಾತಿಗೆ ಇದೇನು ಹೊಸದೇ?

ಗುಣಕ್ಕಾಗಿ ಅದನ್ನು ಆರಿಸಿದೆ ಎಂದು ಈಗ ಎಲ್ಲರ ಮುಂದೆ ಹೇಳುತ್ತೇನೆ. ನಿಜ ಬೇರೆ. ಬೇರೆಯವೆಲ್ಲ ತಪ್ಪು ಒತ್ತಿದ ಕೂಡಲೇ ಇಂಗ್ಲಿಷಿನಲ್ಲಿ ಏನೋ ಪ್ರಶ್ನೆ ಕೇಳುತ್ತಿದ್ದವು. ಇದು ಸುಮ್ಮನಿರುತ್ತಿತ್ತು. ಹೊಲಿಗೆ ಮಷಿನ್ ಕೊಳ್ಳುವಾಗಲೂ ನಾನು ಹಾಗೆಯೇ ಮಾಡಿದ್ದು. ಚಕ್ರ ತಿರುಗಿಸಿ ಕಿವಿ ಕೊಟ್ಟು, ಯಾವುದು ಕಡಿಮೆ ಗೊಣಗುತ್ತದೋ ಅದನ್ನು ತಂದೆ. ಗೊಣಗಲು ಮನೆಯಲ್ಲಿ ನಾನೊಬ್ಬಳು ಸಾಲದೇ?

ಕಲಿಯುವುದು ಅಂದರೆ ಫೋನಿನಲ್ಲಿ ವಿಡಿಯೋ ನೋಡಿ ಕಲಿಯುವುದು. ಕಲಿಸುವವನು ಹಿಂದಿಯವನು. ಮಾತು ಮಾತಿಗೂ ‘ಬಹುತ್ ಸಿಂಪಲ್ ಹೈ’ ಅನ್ನುತ್ತಿದ್ದ. ಅವನು ಅಷ್ಟು ಸಲ ಅಂದದ್ದಕ್ಕೇ ಅದು ಸರಳವಲ್ಲ ಎಂದು ನನಗೆ ಗೊತ್ತಾಯಿತು. ಅದರಲ್ಲಿ ಪೆನ್ನು ಅಂತ ಒಂದು ಇದೆ. ಅದರಿಂದ ಬರೆಯಲು ಬರುವುದಿಲ್ಲ! ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ ಇಟ್ಟರೆ ನಡುವೆ ಗೆರೆ ತಾನೇ ಹುಟ್ಟುತ್ತದೆ. ಚುಕ್ಕೆಯನ್ನು ಎಳೆದರೆ ಅದಕ್ಕೆ ಜಿರಳೆಯ ಹಾಗೆ ಎರಡು ಮೀಸೆ ಬರುತ್ತವೆ. ಮೀಸೆ ಹಿಡಿದು ಜಗ್ಗಿದರೆ ಗೆರೆ ಬಾಗುತ್ತದೆ. ನಾನು ಮೊದಲ ವಾರ ಜಗ್ಗಿದ ಮೀಸೆಗಳಿಗೆ ಲೆಕ್ಕವಿಲ್ಲ. ಮಾವಿನಕಾಯಿ ಮಾಡಲು ಹೋದರೆ ಬದನೆಕಾಯಿ, ಬದನೆಕಾಯಿಯನ್ನು ತಿದ್ದಲು ಹೋದರೆ ಮನೆಯವರ ಚಪ್ಪಲಿ.

ಆದರೆ ಒಂದೊಂದೇ ಗುಟ್ಟು ತಿಳಿದಾಗ ನನಗೆ ಮೈ ಜುಂ ಅನ್ನುತ್ತಿತ್ತು, ಯಾಕೆಂದರೆ ಅವೆಲ್ಲ ನನಗೆ ಮೊದಲೇ ಗೊತ್ತಿದ್ದವು. ಪದರ ಅಂದ ಆ ಹಿಂದಿಯವ, ಒಂದರ ಮೇಲೊಂದು ಪದರ ಇಟ್ಟು ಬೇಕಾದ್ದನ್ನು ಮಾತ್ರ ತೋರಿಸಬಹುದಂತೆ. ಅಯ್ಯೋ, ಖಾಲಾ ಟ್ರೇಸಿಂಗ್ ಕಾಗದದ ಮೇಲೆ ಟ್ರೇಸಿಂಗ್ ಕಾಗದ ಇಟ್ಟು ಮಾಡುತ್ತಿದ್ದದ್ದು ಅದೇ ಅಲ್ಲವೇ! ಎಡಗಡೆ ಬರೆದದ್ದನ್ನು ಒಂದು ಒತ್ತಿನಲ್ಲಿ ಬಲಗಡೆಗೆ ಮಗುಚಬಹುದು ಅಂದ. ಕಾಗದ ಮಡಿಚಿ ಎರಡೂ ಕಡೆ ಒಟ್ಟಿಗೆ ಚುಚ್ಚುವ ನಮಗೆ ಅದು ಹೊಸದೇ? ಮಾಡಿದ್ದನ್ನು ಹಿಂದಕ್ಕೆ ತೆಗೆಯುವ ಗುಂಡಿಯನ್ನು ದೊಡ್ಡ ಪವಾಡದ ಹಾಗೆ ತೋರಿಸಿದ. ಆರಿ ಎಂಬ ಕೊಕ್ಕೆಸೂಜಿಯಿಂದ ಹಾಕಿದ ಸರಪಳಿ ಹೊಲಿಗೆಯ ತುದಿ ಹಿಡಿದು ಎಳೆದರೆ ಸರ್ರನೆ ಪೂರ್ತಿ ಬಿಚ್ಚಿ ಬರುತ್ತದೆ, ಅದನ್ನು ಅವನು ಕಂಡಿಲ್ಲ ಪಾಪ. ಹೀಗೆ ಮನಸ್ಸಿನಲ್ಲೇ ಅವನೊಡನೆ ಜಗಳವಾಡುತ್ತ ನಾನು ಎರಡು ತಿಂಗಳಲ್ಲಿ ಕಲಿತುಬಿಟ್ಟೆ. ಕಲಿತೆ ಅಂದರೆ, ಖಾಲಾರ ಹಳೆಯ ಖಾಕಾದ ಫೋಟೋ ತೆಗೆದು, ಅದನ್ನು ಕೆಳಗಿನ ಪದರದಲ್ಲಿಟ್ಟು, ಮೇಲೆ ಗೆರೆ ಎಳೆಯಲು ಕಲಿತೆ. ಕೈ ನಡುಗಿದರೂ ಗೆರೆ ನಡುಗಲಿಲ್ಲ.

ಆ ಹೊತ್ತಿಗೆ ಚಿಟಗುಪ್ಪದಿಂದ ಒಬ್ಬ ತಾಯಿ ಬಂದರು. ಅವರ ಮಗಳು ಸವಿತಾಳನ್ನು ಹುಮನಾಬಾದಿಗೆ ಕೊಟ್ಟಿದ್ದಾರೆ, ಅವಳಿಗೆ ಏಳು ತಿಂಗಳು. ಮುಂದಿನ ಗುರುವಾರ ಕುಬಸದ ಕಾರ್ಯ. ನಮ್ಮ ಕಡೆ ಬಸುರಿ ಮಗಳಿಗೆ ತವರಿನವರು ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಕುಬಸ, ಅಂದರೆ ಬ್ಲೌಸ್, ಕೊಡುತ್ತಾರೆ. ಸೀರೆ ಎಷ್ಟೇ ಚೆಂದ ಇರಲಿ, ಬಂದ ಹೆಂಗಸರ ಕಣ್ಣು ಮೊದಲು ಹೋಗುವುದು ಕುಬಸದ ಮೇಲೆ. ಆ ತಾಯಿ ಸೀರೆಯಿಂದಲೇ ಕತ್ತರಿಸಿದ ಬ್ಲೌಸ್ ಪೀಸನ್ನು ನನ್ನ ಮುಂದೆ ಇಟ್ಟರು.

“ಇದೊಂದೇ ಪೀಸ್ ಅದ ನೋಡ್ರಿ ಸರೋಜಕ್ಕ. ನಮ್ಮಾಕಿ ಬೆನ್ನ ಮ್ಯಾಲ ಮಾವಿನಕಾಯಿ ತುಂಬಿರಬೇಕು. ಅವರ ಅತ್ತಿ ಬಾಯಿ ಮುಚ್ಚಬೇಕು.”

ಅತ್ತೆಯ ಬಾಯಿ ಮುಚ್ಚಿಸುವ ಕುಬಸ! ಇದಕ್ಕಿಂತ ದೊಡ್ಡ ಜವಾಬ್ದಾರಿ ಹೊಲಿಗೆಯವಳಿಗೆ ಇಲ್ಲ. ಹೊಸ ವಿದ್ಯೆ ತೋರಿಸಲು ಇದೇ ಸಮಯ ಎಂದುಕೊಂಡೆ. ಲ್ಯಾಪ್‌ಟಾಪ್ ತೆಗೆದು ಖಾಲಾರ ಮಾವಿನಕಾಯಿಗಳನ್ನು ಸಾಲಾಗಿ ಕೂರಿಸಿ ಬೆನ್ನಿನ ಕೊರಳು ಮಾಡಿದೆ. ಅಂಚು ಸೇರಿ ಹತ್ತು ಇಂಚು ಅಗಲ ಬರಬೇಕಿತ್ತು. ನಾನೇನು ಮಾಡಿದೆ ಗೊತ್ತೇ? ಕೊರಳಲ್ಲಿ ತೂಗುವ ನನ್ನ ಅಳತೆಯ ಟೇಪನ್ನು ತೆಗೆದು ಲ್ಯಾಪ್‌ಟಾಪಿನ ಗಾಜಿನ ಮೇಲೆ ಹಿಡಿದೆ. ಏಳು ಇಂಚು ತೋರಿಸಿತು. ಗಾಜಿನ ಮೇಲಿನ ಚಿತ್ರವನ್ನು ಹಿಗ್ಗಿಸಿದೆ, ಮತ್ತೆ ಟೇಪು ಹಿಡಿದೆ. ಹತ್ತು ಬರುವ ತನಕ ಹಿಗ್ಗಿಸಿದೆ. ಸರಿಯಾಗಿ ಹತ್ತಾಯಿತು. ಮೂವತ್ತು ವರ್ಷ ಟೇಪನ್ನು ನಂಬಿ ಬದುಕಿದವಳು ನಾನು, ಅದು ನನಗೆ ಸುಳ್ಳು ಹೇಳೀತೇ?

ಮನೆಯವರು ಪೆನ್‌ಡ್ರೈವ್ ಹಿಡಿದು ಮಾಣಿಕನಗರದ ಕಡೆಯ ಝೆರಾಕ್ಸ್ ಅಂಗಡಿಗೆ ಹೋಗಿ ಕಾಗದದ ಮೇಲೆ ತೆಗೆಸಿಕೊಂಡು ಬಂದರು. ಬಾಗಿಲಲ್ಲೇ ನಿಂತು ಅಂದರು.

“ಸರೋಜಾ, ಇದು ಸ್ವಲ್ಪ ಸಣ್ಣದು ಅನ್ನಸ್ತದಲ್ಲಾ?”

“ನಾ ಟೇಪ್ ಹಿಡದು ಅಳದೀನಿ.”

“ಆದ್ರೂ ಒಮ್ಮಿ ಈ ಕಾಗದಾನೂ ಅಳದು ನೋಡಿದ್ರ...”

“ಬ್ಲೌಸ್ ಹೊಲಿಯೋದು ನೀವೋ ನಾನೋ?”

ಅಲ್ಲಿಗೆ ಮಾತು ಮುಗಿಯಿತು. ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ, ಕಾಗದ ಕೈಗೆ ಬಂದಾಗ ನನಗೂ ಸಣ್ಣದು ಅನ್ನಿಸಿತ್ತು. ಆದರೆ ಎರಡನೆಯ ಸಲ ಅಳೆದರೆ ಗಂಡನ ಮಾತು ಒಪ್ಪಿದ ಹಾಗೆ ಆಗುತ್ತಿತ್ತಲ್ಲ! ಆ ಕಾಗದದಿಂದ ಖಾಕಾ ಚುಚ್ಚಿದೆ, ಬಟ್ಟೆಗೆ ಒತ್ತಿದೆ, ಚೌಕಟ್ಟಿಗೆ ಬಿಗಿದು ಮೂರು ದಿನ ಬೆನ್ನು ಬಗ್ಗಿಸಿ ಮಣಿ ಹೊಲಿದೆ. ಶುಕ್ರವಾರ ಮಧ್ಯಾಹ್ನ ಕತ್ತರಿಯ ಗೆರೆ ಹಾಕಲೆಂದು ಸವಿತಾಳ ಅಳತೆಯ ಬ್ಲೌಸನ್ನು ಅದರ ಮೇಲೆ ಹಾಸಿದೆ. ಟೇಪು ತೆಗೆದು ಬಟ್ಟೆಯ ಮೇಲೆ ಹಿಡಿದೆ. ಆರೂವರೆ ಇಂಚು. ಏಳು ತಿಂಗಳ ಬಸುರಿಗೆ ನಾನು ಆರು ವರ್ಷದ ಹುಡುಗಿಯ ಕೊರಳು ಮಾಡಿದ್ದೆ.

ಪಲ್ಲವಿಗೆ ಫೋನು ಹಚ್ಚಿದೆ. ಅವಳು ನಗು ತಡೆಯಲು ಪಟ್ಟ ಕಷ್ಟ ನನಗೆ ಇಲ್ಲಿಂದಲೇ ಕೇಳಿಸಿತು.

“ದೊಡ್ಡವ್ವ, ಗಾಜಿನ ಮ್ಯಾಲ ಹಿಗ್ಗಿಸೋದು ಅಂದ್ರ ಕನ್ನಡಕ ಹಾಕ್ಕೊಂಡಂಗ. ಕನ್ನಡಕದಾಗ ರೊಟ್ಟಿ ದೊಡ್ಡದು ಕಂಡ್ರ ಹೊಟ್ಟಿ ತುಂಬ್ತದೇನು? ಖರೇ ಅಳತಿ ಮ್ಯಾಲಿನ ಪಟ್ಟಿಯೊಳಗ ನಂಬರ್ ಹಾಕಿ ಕೊಡಬೇಕು.”

ಮನೆಯವರು ಪಕ್ಕದಲ್ಲೇ ನಿಂತಿದ್ದರು. ಅವರು ಏನೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ, ಆ ಉಪಕಾರವನ್ನೂ ಮಾಡಲಿಲ್ಲ.

ಬಿಚ್ಚಿ ಮತ್ತೆ ಹೊಲಿಯಲು ಬರುವುದಿಲ್ಲ, ರೇಷ್ಮೆಯ ಮೇಲೆ ಸೂಜಿಯ ತೂತು ಉಳಿದುಬಿಡುತ್ತದೆ. ಇನ್ನೊಂದು ಪೀಸು ಇಲ್ಲ. ಶನಿವಾರ ಬೆಳಿಗ್ಗೆ ಬಟ್ಟೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸವಕಲ್ಯಾಣದ ಬಸ್ಸು ಹತ್ತಿದೆ. ಖಾಲಾ ಜಗಲಿಯ ಬಿಸಿಲಿಗೆ ಕುಳಿತಿದ್ದರು. ಅವರ ಮೊಮ್ಮಗಳು ಆಯೇಷಾ ಚಹಾ ತಂದಿಟ್ಟಳು. ನಾನು ಅಳುಬುರುಕ ದನಿಯಲ್ಲಿ ಎಲ್ಲ ಹೇಳಿ ಬಟ್ಟೆಯನ್ನು ಅವರ ತೊಡೆಯ ಮೇಲೆ ಬಿಚ್ಚಿದೆ. ಟೇಪನ್ನು ಗಾಜಿಗೆ ಹಿಡಿದದ್ದನ್ನು ಕೇಳಿ ಅವರು ಕೆಮ್ಮು ಬರುವ ತನಕ ನಕ್ಕರು. ಆಮೇಲೆ ಮಣಿಗಳ ಮೇಲೆ ಬೆರಳಾಡಿಸಿದರು.

“ಕೈ ಚಲೋ ಕುಂತದ ಬೇಟಾ. ಮಣಿ ಎಲ್ಲಾ ಒಂದೇ ಬಿಗಿ ಅದಾವ. ಆದ್ರ ಇದು ನಂದೇ ಮಾವಿನಕಾಯಿ.”

“ಹೌದು ಖಾಲಾ.”

“ಕಂಪ್ಯೂಟರ್ ತಗೊಂಡಿ, ಎರಡು ತಿಂಗಳ ಕಲ್ತಿ. ಅದರಾಗೂ ನಂದೇ ತೆಗದಿ. ಹಂಗಾದ್ರ ಅದು ಯಾಕ ಬೇಕಿತ್ತು?”

ಆರೂವರೆ ಇಂಚಿನ ದುಃಖಕ್ಕಿಂತ ಈ ಮಾತು ಹೆಚ್ಚು ನೋಯಿಸಿತು, ಸರಿಯಾಗಿ ಇದ್ದುದರಿಂದ. ಕುಬಸಕ್ಕೆ ಏನು ದಾರಿ ಎಂದು ಕೇಳಿದೆ. ಅವರು ದಾರಿ ಹೇಳಲಿಲ್ಲ, ಬಟ್ಟೆಯನ್ನು ಮಡಿಚಿ ನನ್ನ ಕೈಗೆ ಕೊಟ್ಟರು.

“ಹೊಲಿದಿದ್ದು ಸರಿಯಂಗಿಲ್ಲ, ಖರೇ. ಕತ್ತರಿ ಇನ್ನಾ ಹಚ್ಚಿಲ್ಲಲಾ? ಮನಿಗಿ ಹೋಗಿ ವಿಚಾರ ಮಾಡು.”

ಬಸ್ಸು ರಾಜೇಶ್ವರದಲ್ಲಿ ನಿಂತಾಗ ಕಿಟಕಿಯ ಕೆಳಗೆ ಒಬ್ಬಾಕೆ ಹಸಿ ತೊಗರಿಕಾಯಿಯ ಬುಟ್ಟಿ ಎತ್ತಿ ಹಿಡಿದಳು. ತವರೂರಿನ ತೊಗರಿಕಾಯಿ ಕಂಡರೆ ಸಂಕಟದಲ್ಲೂ ಕೈ ತಡೆಯುವುದಿಲ್ಲ, ಕೊಂಡುಕೊಂಡೆ. ಚಳಿಗಾಲ ಬಂತೆಂದರೆ ನಮ್ಮ ಮನೆಯಲ್ಲಿ ಅವ್ವ ಇವನ್ನು ಉಪ್ಪು ಹಾಕಿ ದೊಡ್ಡ ಪಾತ್ರೆಯಲ್ಲಿ ಕುದಿಸಿ ಅಂಗಳದ ನಡುವೆ ಇಡುತ್ತಿದ್ದಳು. ಸುತ್ತ ಕೂತು ಸುಲಿದು ತಿನ್ನುತ್ತ ಆ ಮನೆಯ ಸುದ್ದಿ ಈ ಮನೆಯ ಸುದ್ದಿ ಎಲ್ಲ ಮುಗಿಯುವ ಹೊತ್ತಿಗೆ ಸಿಪ್ಪೆಯ ಗುಡ್ಡೆ ಮೊಣಕಾಲೆತ್ತರ ಆಗಿರುತ್ತಿತ್ತು.

ಭಾನುವಾರ ಮಧ್ಯಾಹ್ನ ಹಾಗೆಯೇ ಕುದಿಸಿದ ತೊಗರಿಕಾಯಿಯ ತಟ್ಟೆ ಪಕ್ಕಕ್ಕಿಟ್ಟುಕೊಂಡು ಲ್ಯಾಪ್‌ಟಾಪಿನ ಮುಂದೆ ಕುಳಿತೆ. ಈ ಸಲ ಮೇಲಿನ ಪಟ್ಟಿಯಲ್ಲಿ ನಂಬರು ಹಾಕಿ ಸವಿತಾಳ ಬೆನ್ನಿನ ನಿಜವಾದ ಅಳತೆಯನ್ನು ಬರೆದೆ. ಒಂದು ಕಾಗದದಲ್ಲಿ ತೆಗೆಸಿ, ಟೇಪು ಹಿಡಿದು, ಮನೆಯವರಿಂದಲೂ ಅಳೆಸಿದೆ. ಅವರು ಕನ್ನಡಕ ಏರಿಸಿ ಬಹಳ ಗಂಭೀರವಾಗಿ ಅಳೆದರು. ಆಮೇಲೆ ನನ್ನ ಆ ಸಣ್ಣ ಕೊರಳನ್ನು ಆರೂವರೆ ಇಂಚಿನದ್ದಾಗಿಯೇ ಇನ್ನೊಂದು ಪದರದಲ್ಲಿ ಇಟ್ಟೆ. ಪದರ ಸರಿಸಿ ನೋಡಿದೆ. ಮೇಲಿದ್ದರೆ ಅದು ಬಿಗಿಯಾದ ಕೊರಳು. ಸ್ವಲ್ಪ ಕೆಳಗೆ ಸರಿಸಿದೆ. ಬೆನ್ನಿನ ನಡುವೆ ಬಂದು ನಿಂತಾಗ ಅದು ಕೊರಳೇ ಅಲ್ಲ, ಬೆನ್ನ ಮೇಲೆ ಇಳಿಬಿಟ್ಟ ಹಾರ! ಖಾಲಾ ಹೇಳಿದ್ದು ಆಗ ತಲೆಗೆ ಹೋಯಿತು. ಮಣಿ ಸರಿಯುವುದಿಲ್ಲ, ಕತ್ತರಿಯ ಗೆರೆ ಸರಿಯುತ್ತದೆ. ಅಲ್ಲಿ ಕತ್ತರಿಸುವುದು ಬೇಡ, ಕೊರಳನ್ನು ಅದಕ್ಕಿಂತ ಮೇಲೆ ಕತ್ತರಿಸಿದರಾಯಿತು. ಬಟ್ಟೆಯೂ ಸಾಕಾಗುತ್ತಿತ್ತು.

ಹಾಗೆ ಮಾಡಿದರೆ ಮೇಲಿನ ಹೊಸ ಕೊರಳಿಗೆ ಒಂದು ತೆಳುವಾದ ಅಂಚು ಬೇಕು. ಅಭ್ಯಾಸದಂತೆ ಖಾಲಾರ ಫೋಟೋಗಳನ್ನು ತೆರೆಯಲು ಕೈ ಹೋಯಿತು. ಅಲ್ಲೇ ನಿಲ್ಲಿಸಿದೆ. ತಟ್ಟೆಯಲ್ಲಿದ್ದ ಒಂದು ತೊಗರಿಕಾಯಿ ತೆಗೆದು ಲ್ಯಾಪ್‌ಟಾಪಿನ ಮುಂದೆ ಇಟ್ಟೆ. ತುದಿಯಲ್ಲಿ ಒಂದು ಚುಕ್ಕೆ, ತೊಟ್ಟಿನಲ್ಲಿ ಒಂದು ಚುಕ್ಕೆ. ಮೀಸೆ ಹಿಡಿದು ಜಗ್ಗಿದೆ. ಒಳಗಿನ ಕಾಳು ಉಬ್ಬಿದಲ್ಲಿ ಗೆರೆಯೂ ಉಬ್ಬಬೇಕು, ನಡುವೆ ತಗ್ಗಬೇಕು. ಬರಲಿಲ್ಲ. ಅಳಿಸಿದೆ. ಕಾಯಿ ತಿಂದು ಇನ್ನೊಂದನ್ನು ಇಟ್ಟೆ. ತಟ್ಟೆ ಅರ್ಧ ಖಾಲಿಯಾಗುವ ಹೊತ್ತಿಗೆ ಗಾಜಿನ ಮೇಲೆ ಒಂದು ಕಾಯಿ ಮೂಡಿತ್ತು, ಅದರ ಪಕ್ಕ ಎರಡು ಎಲೆ, ಒಂದು ಪುಟ್ಟ ಹೂವು. ಮನೆಯವರು ಹಿಂದಿನಿಂದ ಬಗ್ಗಿ ನೋಡಿ, ತಟ್ಟೆಯಿಂದ ಒಂದು ಕಾಯಿ ಎತ್ತಿಕೊಂಡು, “ಇದೇ ಅಲ್ಲಾ ಅದು?” ಎಂದರು. ನನಗಾದ ಸಂತೋಷವನ್ನು ಅವರಿಗೆ ತೋರಿಸಲಿಲ್ಲ. ಶುಕ್ರವಾರದ ಮೌನದ ಸಿಟ್ಟು ಇನ್ನೂ ಸ್ವಲ್ಪ ಉಳಿದಿತ್ತು.

ಕುಬಸದ ಸುದ್ದಿಯನ್ನು ಇಲ್ಲೇ ಹೇಳಿಬಿಡುತ್ತೇನೆ, ನೀವು ಚಿಂತೆ ಮಾಡಬೇಡಿ. ಗುರುವಾರ ಸವಿತಾ ಅದನ್ನೇ ತೊಟ್ಟಳು. ಬೆನ್ನು ಮುಚ್ಚಿದ ಕುಬಸ ಕಂಡು ಅವಳ ಅತ್ತೆ ‘ಬಸುರಿಗೆ ಇದೇ ಒಪ್ಪುತ್ತದೆ’ ಎಂದರಂತೆ. ಬಾಯಿ ಮುಚ್ಚಿಸುವ ಕುಬಸ ಬಾಯಿ ಬಿಡಿಸಿತು. ಆರತಿಗೆ ಬಂದಿದ್ದ ಮೂವರು ನನ್ನಲ್ಲಿಗೆ ಬಂದು ಬೆನ್ನಿನ ಹಾರ ಬೇಕು ಅಂದರು. ನನ್ನ ತಪ್ಪಿಗೆ ಹುಮನಾಬಾದಿನಲ್ಲಿ ಈಗ ಒಳ್ಳೆಯ ಬೇಡಿಕೆ ಇದೆ. ಅದು ಹೇಗೆ ಹೊಳೆಯಿತು ಎಂದು ಕೇಳಿದವರಿಗೆ ನಾನು ನಗುತ್ತ ಚಹಾ ಕೊಡುತ್ತೇನೆ.

ಆದರೆ ನನ್ನ ಪಾಲಿಗೆ ದೊಡ್ಡ ದಿನ ಆ ಗುರುವಾರವಲ್ಲ, ಅದಕ್ಕೂ ಮೊದಲಿನ ಸೋಮವಾರ. ತೊಗರಿಕಾಯಿಯ ಅಂಚನ್ನು ಕಾಗದಕ್ಕೆ ತಂದು, ಚುಚ್ಚಿ, ಬಟ್ಟೆಗೆ ಒತ್ತುವ ಮೊದಲು ಮತ್ತೆ ಬಸವಕಲ್ಯಾಣಕ್ಕೆ ಹೋದೆ. ಹೊತ್ತು ಕಡಿಮೆ ಇತ್ತು, ಆದರೂ ಖಾಲಾರಿಗೆ ತೋರಿಸದೆ ಒತ್ತಲು ಮನಸ್ಸು ಬರಲಿಲ್ಲ. ಏನೂ ಹೇಳದೆ ಕಾಗದವನ್ನು ಅವರ ಕೈಗೆ ಕೊಟ್ಟೆ.

ಕಣ್ಣು ಚೆನ್ನಾಗಿದ್ದಾಗಲೂ ಅವರು ಖಾಕಾ ನೋಡುತ್ತಿದ್ದದ್ದು ಬೆರಳಿನಿಂದಲೇ. ಚುಚ್ಚಿದ ಕಾಗದದ ಹಿಂಬದಿ ಒರಟಾಗಿರುತ್ತದೆ, ಗೆರೆ ಕೈಗೆ ಸಿಗುತ್ತದೆ. ಕಾಗದವನ್ನು ಮಗುಚಿ ಅಂಗೈಮೇಲೆ ಇಟ್ಟುಕೊಂಡು ತೋರುಬೆರಳನ್ನು ಒಂದು ತುದಿಯಿಂದ ಮೆಲ್ಲಗೆ ಸಾಗಿಸಿದರು. ಬೆರಳು ಒಂದು ಕಡೆ ನಿಂತಿತು. ಹಿಂದೆ ಹೋಯಿತು, ಮತ್ತೆ ಅಲ್ಲಿಗೇ ಬಂತು.

“ತೊಗರಿಕಾಯಿ?”

“ಹೌದು ಖಾಲಾ.”

“ಇದು ಯಾರ ಖಾಕಾ?”

“ನಂದು.”

“ಯಾವುದರ ಮ್ಯಾಲ ಇಟ್ಟು ತೆಗದಿ?”

“ಯಾವುದರ ಮ್ಯಾಲೂ ಇಟ್ಟಿಲ್ಲ. ಕಾಯಿ ಮುಂದಿಟ್ಕೊಂಡು ನೋಡಿ ತೆಗದೀನಿ.”

ಅವರು ಹೂಂ ಅನ್ನಲಿಲ್ಲ. ಹುಬ್ಬು ಗಂಟಿಕ್ಕಿ ಕಾಗದದ ಇನ್ನೊಂದು ತುದಿಯ ತನಕ ಬೆರಳಾಡಿಸಿದರು.

“ಕಾಯೊಳಗ ಮೂರೇ ಕಾಳ್ ಇಟ್ಟಿದಿ. ಚಲೋ ಹೊಲದ್ದಾದ್ರ ನಾಲ್ಕು ಇರ್ತಾವ. ಈ ಎಲಿ ಕಾಯಿಗಿ ತಾಗ್ಯದ, ಮಣಿ ಹಾಕಿದ್ರ ಗುದ್ದಾಡ್ತಾವ. ಸ್ವಲ್ಪ ಬಿಡಿಸು.”

ಬೇರೆಯವರಾಗಿದ್ದರೆ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರೇನೋ. ನನಗೆ ಕಣ್ಣು ತುಂಬಿ ಬಂತು. ಈ ಮೂವತ್ತು ವರ್ಷಗಳಲ್ಲಿ ಅವರು ನನ್ನ ಹೊಲಿಗೆ ತಿದ್ದಿದ್ದರು, ನನ್ನ ಗಂಟು ತಿದ್ದಿದ್ದರು, ನಾನು ಸೂಜಿ ಹಿಡಿಯುವ ರೀತಿಯನ್ನು ತಿದ್ದಿದ್ದರು. ಗೆರೆ ತಿದ್ದಿದ್ದು ಅದೇ ಮೊದಲು. ತಿದ್ದಲು ನನ್ನದು ಅನ್ನುವ ಗೆರೆ ಒಂದು ಇದ್ದದ್ದೂ ಅದೇ ಮೊದಲು.

“ಆಯೇಷಾ!” ಎಂದು ಖಾಲಾ ಒಳಗೆ ಕೂಗಿದರು. “ನಿನ್ನ ನಿಕಾಹದ ಓಢನಿ ತಗೊಂಬಾ. ಸರೂ ಬಂದಾಳ, ಅಳತಿ ತಗೊಳ್ಳಿ.”

ಆ ಹುಡುಗಿ ಮದುವೆಯಲ್ಲಿ ತಲೆಗೆ ಹೊದೆಯುವ ಕೆಂಪು ಓಢನಿಯನ್ನು ತಂದು ನನ್ನ ತೊಡೆಯ ಮೇಲೆ ಹರಡಿದಳು. ಅದರ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಆ ಮನೆಯ ಬಟ್ಟೆಗೆ ಖಾಲಾರದ್ದಲ್ಲದೆ ಬೇರೆಯವರ ಗೆರೆ ಬಿದ್ದದ್ದನ್ನು ನಾನು ಎಂದೂ ಕಂಡಿರಲಿಲ್ಲ. ಓಢನಿಯ ಅಂಚನ್ನು ಹಿಡಿದು ಟೇಪು ಹಚ್ಚಿದೆ.

“ಇದಕ್ಕ ಏನ್ ಹಾಕಲಿ ಖಾಲಾ?” ಎಂದೆ.

“ಅದನ್ನ ನನಗ್ಯಾಕ ಕೇಳ್ತಿ?” ಎಂದರು ಖಾಲಾ.